ಇರುವೆಗೆಡ್ಡೆ, ಇರುವೆ ಬದನಿಕೆ, ಹುತ್ತದ ಗಿಡ: ಚೀಟಿಯಲ್ಲಿ ಯಾವುದನ್ನು ಬರೆಯೋಣ?

ತುಮಕೂರಿನಿಂದ ಪ್ರಶ್ನೆ

ಗೆಳೆಯರೇ, ಹಿಡ್ನೋಫೈಟಮ್, ಮಿರ್ಮೆಕೋಡಿಯಾ ಗಿಡಗಳ ಕುಂಡಕ್ಕೆ ಕನ್ನಡದಲ್ಲಿ ಚೀಟಿ ಬರೆಯಬೇಕಾಗಿದೆ. ಬುಡ ಸೀಮೆಬದನೆಕಾಯಿಯಷ್ಟು ಊದಿಕೊಂಡು ಒಳಗೆಲ್ಲ ಟೊಳ್ಳಾಗಿರುತ್ತದೆ, ಕಾಡಿನಲ್ಲಿ ಆ ಟೊಳ್ಳಿನೊಳಗೆ ಇರುವೆಗಳ ವಾಸ. ನರ್ಸರಿಗಳಲ್ಲಿ 'ಆಂಟ್ ಪ್ಲಾಂಟ್' ಅಂತಲೇ ಮಾರುತ್ತಾರೆ. ಕನ್ನಡದಲ್ಲಿ ಮೇಲಿನ ಮೂರು ಹೆಸರೂ ಕಿವಿಗೆ ಬಿದ್ದಿವೆ. ಯಾವುದು ಸರಿ? ಕೊಂಡವರು ಹೆಸರು ನೋಡಿಯೇ ಗಿಡ ಸಾಕುತ್ತಾರೆ. ಹಾಗಾಗಿ ಹೆಸರು ಆರೈಕೆಗೂ ಹೊಂದಬೇಕು.

ಕೋಲಾರದಿಂದ ಉತ್ತರ

ಮೊದಲು ಬಿಡಬೇಕಾದ್ದು ಬದನಿಕೆ. ಬದನಿಕೆ, ಬಂದಳಿಕೆ ಅಂದರೆ ಮಾವಿನ, ಹೊಂಗೆಯ ಕೊಂಬೆಯೊಳಕ್ಕೆ ಬೇರು ಇಳಿಸಿ ಅದರ ನೀರು ಹೀರಿ ಬದುಕುವಂಥದ್ದು. ಈ ಗಿಡ ತೊಗಟೆ ಹಿಡಿದು ಕೂರುತ್ತದೆ ಅಷ್ಟೆ, ಮರದ ರಸ ಮುಟ್ಟುವುದಿಲ್ಲ. ಮರದ ಮೇಲೆ ಕಂಡದ್ದಕ್ಕೆಲ್ಲ ಒಂದೇ ಹೆಸರಿಡುವ ರೂಢಿ ಹಳೆಯದು. ವಾಂಡಾ ಆರ್ಕಿಡ್ಡಿಗೆ ಹೆಸರು ಬಂದದ್ದು ಸಂಸ್ಕೃತದ 'ವಂದಾ'ದಿಂದ, ಬದನಿಕೆಗೂ ಅದೇ ಹೆಸರು. ಆದರೆ ಇಲ್ಲಿ ಆ ರೂಢಿ ಗಿಡವನ್ನೇ ಕೊಲ್ಲುತ್ತದೆ. ಬದನಿಕೆ ಅಂದರೆ 'ಮರವೇ ಸಾಕಿಕೊಳ್ಳುತ್ತೆ' ಅಂತ ಕೊಂಬೆಗೆ ಕಟ್ಟಿ ನೀರು ಹಾಕದೆ ಬಿಡುತ್ತಾರೆ. ನಮ್ಮ ಏಪ್ರಿಲ್ ಗಾಳಿಗೆ ಅದು ಸುಕ್ಕಿ ಹೋಗುತ್ತದೆ. ಇದಕ್ಕೆ ಅಪ್ಪುಸಸ್ಯ ಅನ್ನೋಣ.

ಹುತ್ತವೂ ಒಗ್ಗದು. ಹುತ್ತ ಗೆದ್ದಲು ಕಟ್ಟಿದ್ದು, ಗೂಡು ಹಕ್ಕಿ ಕಟ್ಟಿದ್ದು, ಬಿಲ ಇಲಿ ತೋಡಿದ್ದು. ಇಲ್ಲಿ ಇರುವೆ ಕಟ್ಟಿಯೂ ಇಲ್ಲ, ತೋಡಿಯೂ ಇಲ್ಲ. ಒಂದಿರುವೆಯನ್ನೂ ಕಾಣದೆ ಮನೆಯೊಳಗೆ ಬೆಳೆದ ಸಸಿಯಲ್ಲೂ ಒಳತಿರುಳು ತಾನಾಗಿ ಸತ್ತು ಟೊಳ್ಳಾಗಿ, ಹೊರಕ್ಕೆ ಬಾಯಿ ಬಿಡುತ್ತದೆ. ಮರದಲ್ಲಿ ತಾನಾಗಿ ಆದ ಟೊಳ್ಳಿಗೆ ಗಿಳಿ ಬಂದು ಸೇರಿದರೆ ಏನನ್ನುತ್ತೇವೆ? ಪೊಟರೆ. ಇದಕ್ಕೂ ಅದೇ ಪದ ಸರಿ. ಅಡ್ಡಕ್ಕೆ ಕೊಯ್ದರೆ ಎರಡು ಬಗೆಯ ಪೊಟರೆ ಕಾಣುತ್ತವೆ. ಗೋಡೆ ನುಣುಪಾಗಿರುವ ಕಡೆ ಇರುವೆ ಮರಿ ಸಾಕುತ್ತದೆ. ಗೋಡೆಯ ಮೇಲೆ ನರುಲಿಯಂಥ ಗುಳ್ಳೆಗಳಿರುವ ಕಡೆ ಕಸ, ಹೇಲು, ಸತ್ತ ಹುಳ ತಂದು ಹಾಕುತ್ತದೆ. ಗಿಡ ಗೊಬ್ಬರ ಹೀರಿಕೊಳ್ಳುವುದು ಆ ಗುಳ್ಳೆಗಳ ಮೂಲಕ.

ಇರುವೆಗೆಡ್ಡೆ ಅನ್ನುವುದಕ್ಕೆ ನನ್ನ ತಕರಾರು ಒಂದೇ: ಗೆಡ್ಡೆ ಅಂದಕೂಡಲೇ ಸುವರ್ಣಗೆಡ್ಡೆಯ ಹಾಗೆ ಹೂಳುತ್ತಾರೆ. ಹೂತರೆ ಪೊಟರೆಯ ಬಾಯಿಗೆ ನೀರು ನುಗ್ಗಿ ಒಳಗಿನಿಂದ ಕೊಳೆಯುತ್ತದೆ. ಬೇರು ಮಾತ್ರ ಒಳಗಿರಬೇಕು, ಊದಿದ ಬುಡವೆಲ್ಲ ಮೇಲೆ. ಅದಕ್ಕೇ 'ಉಬ್ಬುಬುಡ' ಅನ್ನಿ ಅಂತ ನನ್ನ ಸಲಹೆ.

ಕುಂಡ 4 ಅಂಗುಲದ್ದು ಸಾಕು, ದೊಡ್ಡದಾದರೆ ಹಸಿ ಆರುವುದಿಲ್ಲ. ತೆಂಗಿನಕಾಯಿ ಮಟ್ಟೆಯ (ನಾರಿನ ಸಿಪ್ಪೆಯ) ಚೂರು 2 ಪಾಲು, ತೊಗಟೆ ಚೂರು 1 ಪಾಲು, ಇದ್ದಿಲು 1 ಪಾಲು ಬೆರೆಸಿ. ತೋಟದ ಮಣ್ಣು ಬೇಡವೇ ಬೇಡ. ಮಟ್ಟೆ ಚೂರನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಕಂದು ಬಣ್ಣವೂ ಉಪ್ಪೂ ಬಿಡಲಿ. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕುತ್ತಿದ್ದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿ ಎಲೆ ತುದಿ ಸುಡುತ್ತದೆ. ಮಳೆನೀರು ಹಿಡಿದಿಡಿ, ಇಲ್ಲವೇ ಆರ್‌ಓ ನೀರು ಹಾಕಿ. ಬೆರಳು ಇಳಿಸಿ ನೋಡಿ, ಒಂದು ಅಂಗುಲ ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಚಳಿಯಲ್ಲಿ ವಾರಕ್ಕೊಮ್ಮೆ ಬೇಕಾದೀತು. ಗೊಬ್ಬರಕ್ಕೆ ರೈತರ ಅಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು ಇರುವ, ನೀರಲ್ಲಿ ಕರಗುವ ಗೊಬ್ಬರ) ಸಾಕು, ಲೀಟರಿಗೆ ಅರ್ಧ ಗ್ರಾಂ, 15 ದಿನಕ್ಕೊಮ್ಮೆ. ಮೂಡಲ ಕಿಟಕಿಯ ಎಳೆಬಿಸಿಲು ಒಳ್ಳೆಯದು. ಡಿಸೆಂಬರ್ ರಾತ್ರಿ 15 ಡಿಗ್ರಿಗಿಂತ ಇಳಿಯುವಾಗ ಕಿಟಕಿಯಿಂದ ಒಳಕ್ಕೆ ಸರಿಸಿ.

ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಸುಕ್ಕಿದ್ದರೂ ಗಟ್ಟಿಯಾಗಿದ್ದರೆ ಬಾಯಾರಿದೆ ಅಂತ ಅರ್ಥ, ನೀರು ಕೊಟ್ಟರೆ ತುಂಬಿಕೊಳ್ಳುತ್ತದೆ. ಮೆತ್ತಗಾಗಿ ನಾತ ಹೊಡೆದರೆ ಕೊಳೆತಿದೆ. ಆಗ ಚೂಪಾದ ಚಾಕುವಿನಿಂದ ಗಟ್ಟಿ ತಿರುಳು ಸಿಗುವತನಕ ಕೊಯ್ದು, ಗಾಯಕ್ಕೆ ಶಿಲೀಂಧ್ರನಾಶಕ ಪುಡಿ ಸವರಿ, ನಾಲ್ಕು ದಿನ ನೆರಳಲ್ಲಿ ಒಣಗಲು ಬಿಡಬೇಕು.

ಇರುವೆ ತಂದು ಬಿಡುವ ಗೋಜಿಗೆ ಹೋಗಬೇಡಿ. ಕಾಡಿನಲ್ಲಿ ಇದಕ್ಕೆ ಜೊತೆಯಾಗುವುದು ಆಗ್ನೇಯ ಏಷ್ಯಾ, ನ್ಯೂ ಗಿನಿ ಕಡೆಯ ಫಿಲಿಡ್ರಿಸ್ ಜಾತಿಯ ಇರುವೆ. ನಮ್ಮ ಮನೆಯ ಇರುವೆ ಬಂದರೆ ಹಿಟ್ಟುತಿಗಣೆ ಸಾಕುತ್ತದೆ, ಆ ತಿಗಣೆ ಪೊಟರೆಯೊಳಗೆ ಅಡಗಿದರೆ ಔಷಧಿ ತಲುಪುವುದೇ ಇಲ್ಲ.

ಚಿಕ್ಕಬಳ್ಳಾಪುರದಿಂದ

ಪೊಟರೆಯನ್ನು ಮನಸಾರೆ ಒಪ್ಪಿದೆ. ಆದರೆ ಗೆಡ್ಡೆಯನ್ನು ಬಿಡಲು ಒಪ್ಪಲಾರೆ. ಗೆಡ್ಡೆ ಅಂದರೆ ನೆಲದೊಳಗೇ ಇರಬೇಕು ಅನ್ನುವುದಾದರೆ ಗೆಡ್ಡೆಕೋಸಿಗೆ ಏನು ಹೇಳೋಣ? ನವಿಲುಕೋಸು ಅಂತಲೂ ಕರೆಯುವ ಆ ತರಕಾರಿ ಊದಿದ ಕಾಂಡ, ಮಣ್ಣಿನ ಮೇಲೇ ಕೂತಿರುತ್ತದೆ, ಬೇರಷ್ಟೇ ಕೆಳಗೆ. ಗೆಡ್ಡೆ ಅಂತ ಹೆಸರಿದೆಯೆಂದು ಅದನ್ನು ಯಾರೂ ಹೂಳುವುದಿಲ್ಲ. ಹೆಸರಿಟ್ಟವರಿಗೂ ಕಂಡದ್ದು ಗೆಡ್ಡೆಯೇ. 1823ರಲ್ಲಿ ವಿಲಿಯಂ ಜ್ಯಾಕ್ ಕೊಟ್ಟ ಹಿಡ್ನೋಫೈಟಮ್ ಹೆಸರಿನಲ್ಲಿರುವುದು ಗ್ರೀಕಿನ 'ಹಿಡ್ನಾನ್', ನೆಲದೊಳಗೆ ಸಿಗುವ ಗೆಡ್ಡೆಯಂಥ ಅಣಬೆ. 'ಉಬ್ಬುಬುಡ' ವಿವರಣೆಗೆ ಚೆನ್ನ, ಕರೆಯುವುದಕ್ಕೆ ಇರುವೆಗೆಡ್ಡೆಯೇ ಬಾಯಿಗೆ ಬರುತ್ತದೆ. ಚೀಟಿಯಲ್ಲಿ ಹೀಗೆ ಬರೆಯಬಹುದು: 'ಇರುವೆಗೆಡ್ಡೆ, ಅಪ್ಪುಸಸ್ಯ. ಗೆಡ್ಡೆಕೋಸಿನ ಹಾಗೆ ಮೇಲೆ ಕೂರಿಸಿ.' ಮಿರ್ಮೆಕೋಡಿಯಾಕ್ಕೆ ಮುಳ್ಳಿರುವುದರಿಂದ 'ಮುಳ್ಳು ಇರುವೆಗೆಡ್ಡೆ' ಅಂದರೆ ಎರಡೂ ಬೇರೆ ಬೇರೆಯಾಗುತ್ತವೆ.

ಬೀಜದ ವಿಷಯ ಸೇರಿಸುತ್ತೇನೆ. ಇದು ಕಾಫಿಯ ಬಳಗದ ಗಿಡ. ಹಿಡ್ನೋಫೈಟಮ್ ಫಾರ್ಮಿಕೇರಮ್ ಒಂದೇ ಗಿಡವಿದ್ದರೂ ಕಾಯಿ ಕಟ್ಟುತ್ತದೆ. ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹಿಚುಕಿ, ಅಂಟು ಬೀಜವನ್ನು ಒದ್ದೆ ಸ್ಫಾಗ್ನಮ್ ಪಾಚಿಯ ಮೇಲೆ ಅಂದೇ ಒತ್ತಿಡಿ. ಮುಚ್ಚಬೇಡಿ, ಬೆಳಕು ಬೀಳಬೇಕು. ಪಾರದರ್ಶಕ ಡಬ್ಬಿಯಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಮೊಳೆಯುತ್ತದೆ. ಒಣಗಿಸಿ ಎತ್ತಿಟ್ಟ ಬೀಜದ ಮೇಲೆ ಆಸೆ ಬೇಡ.

ಡಿಸ್ಕಿಡಿಯಾ ಮೇಜರ್ ಕೂಡ ಅದೇ ಸಾಲಿನಲ್ಲಿದ್ದರೆ ಈ ಚೀಟಿ ಅದಕ್ಕೆ ಅಂಟಿಸಬೇಡಿ. ಅದು ಎಕ್ಕದ ಬಳಗದ ಹಾಲುಬಳ್ಳಿ. ಅದರಲ್ಲಿ ಇರುವೆ ಸೇರುವುದು ಚೀಲದಂತೆ ಊದಿದ ಎಲೆಯೊಳಗೆ, ಬಳ್ಳಿಯ ಬೇರೂ ಅದೇ ಚೀಲದೊಳಕ್ಕೆ ಇಳಿಯುತ್ತದೆ. ಅದಕ್ಕೆ 'ಇರುವೆಚೀಲದ ಬಳ್ಳಿ' ಅಂತ ಬೇರೆಯೇ ಚೀಟಿ ಬರೆಯಿರಿ.