ಮುಗಿಯದ ಕಥೆಗೂ ಮುಕ್ತಾಯ ಇರುತ್ತಾ? 2023ರ ಅಕ್ಟೋಬರ್ ಸೀಸನ್ನಿನ ಅನಿಮೆಗಳು

ನಿದ್ದೆಗೇಡಿ:
ಫ್ರೀರೆನ್ ಅನ್ನುವ ಅನಿಮೆಯ (ಜಪಾನಿನ ಕಾರ್ಟೂನ್ ಸರಣಿ) 28ನೇ ಕಂತು ನೋಡಿ ಮುಗಿಸಿದೆ. ಅಲ್ಲಿಗೆ 2023ರ ಅಕ್ಟೋಬರ್‌ನಿಂದ ನೋಡುತ್ತಿದ್ದ ನನ್ನ ಪಟ್ಟಿ ಖಾಲಿ. ಲೆಕ್ಕ ಚುಕ್ತಾ ಮಾಡೋಣ ಬನ್ನಿ. ಚಿತ್ರ ಹೇಗಿತ್ತು, ಹಾಡು ಹೇಗಿತ್ತು ಅಂತ ಎಲ್ಲರೂ ಬರೆದಾಗಿದೆ. ನನಗೆ ಬೇಕಿರುವುದು ಒಂದೇ, ಮುಗಿದದ್ದು ಹೇಗೆ? ಕಥೆ ಪೂರ್ತಿ ಬಿಚ್ಚಿಡುತ್ತೇನೆ. ನೋಡದವರು ಇಲ್ಲೇ ಇಳಿದುಬಿಡಿ.

ಅಟ್ಯಾಕ್ ಆನ್ ಟೈಟನ್: 2013ರಲ್ಲಿ ಶುರುವಾದ ಸರಣಿ ನವೆಂಬರ್‌ನಲ್ಲಿ 85 ನಿಮಿಷದ ಒಂದು ಕಂತಿನಲ್ಲಿ ಮುಗಿಯಿತು. ಯುದ್ಧ ಅದ್ಭುತ. ಆಮೇಲೆ ಕಥಾನಾಯಕ ಏರೆನ್ ಮತ್ತು ಅವನ ಗೆಳೆಯ ಆರ್ಮಿನ್ ಕೂತು ಎಲ್ಲವನ್ನೂ ಬಾಯಲ್ಲಿ ಹೇಳಿ ಮುಗಿಸುತ್ತಾರೆ. ಹತ್ತು ವರ್ಷ ತೋರಿಸಿದವರು ಕೊನೆಗೆ ವಿವರಣೆ ಕೊಡುವುದಾ?

ಜುಜುತ್ಸು ಕೈಸೆನ್ ಎರಡನೇ ಸೀಸನ್: ಜುಲೈನಲ್ಲೇ ಶುರುವಾಗಿದ್ದು, ಮುಗಿದದ್ದು ಡಿಸೆಂಬರ್ 28ಕ್ಕೆ. ಮುಗಿದದ್ದು ಅಂತ ಹೇಳಲೂ ಆಗುವುದಿಲ್ಲ. ಬಸ್ಸು ಕೆಟ್ಟು ನಿಂತ ಹಾಗೆ ನಿಂತಿತು.

ಅಪೋಥೆಕರಿ ಡೈರೀಸ್: 24 ಕಂತು. ಚೆನ್ನಾಗಿ ಮುಗಿಯಿತು.

ಫ್ರೀರೆನ್: ಮಾಂತ್ರಿಕೆ ಫ್ರೀರೆನ್ ಮತ್ತು ಜೊತೆಯವರು ಹೊರಟ ಊರು ಇನ್ನೂ ಬಂದೇ ಇಲ್ಲ, ಅರ್ಧ ದಾರಿಯಲ್ಲಿದ್ದಾರೆ. ಆದರೂ ಇದರಷ್ಟು ಚೆನ್ನಾಗಿ ಮುಗಿದದ್ದು ಬೇರೆ ಇಲ್ಲ. ಪೂರ್ತಿ ಮುಗಿದ ಟೈಟನ್‌ಗಿಂತ ಮುಗಿಯದ ಫ್ರೀರೆನ್ ಮೇಲು. ಬೈಯುವವರು ಶುರು ಮಾಡಿ.

ಓದಿಬಂದವ:
ಬೈಯಲು ನಾನೇ ಮೊದಲು. ಟೈಟನ್‌ನ ಮೂಲವಾದ ಮಾಂಗಾ (ಜಪಾನಿನ ಕಾಮಿಕ್ಸ್) 2021ರ ಏಪ್ರಿಲ್‌ನಲ್ಲಿ ಮುಗಿದಾಗ ನೀವು ಓದಿರಲಿಲ್ಲ ಅಂತ ಕಾಣುತ್ತದೆ. ಅದರಲ್ಲಿ ಆರ್ಮಿನ್, ನಮಗೋಸ್ಕರ ಕೊಲೆಗಾರನಾದೆಯಲ್ಲ ಅಂತ ಏರೆನ್‌ಗೆ ಥ್ಯಾಂಕ್ಸ್ ಹೇಳುತ್ತಾನೆ. ಜಗತ್ತಿನ ನೂರಕ್ಕೆ 80 ಜನರನ್ನು ತುಳಿದು ಸಾಯಿಸಿದವನಿಗೆ ಥ್ಯಾಂಕ್ಸ್! ಓದುಗರು ಉರಿದುಬಿದ್ದಿದ್ದರು. ಅನಿಮೆಯಲ್ಲಿ ಮಾಂಗಾ ಬರೆದ ಇಸಾಯಾಮಾ ಆ ಮಾತನ್ನೇ ಬದಲಿಸಿದರು. ಈಗ ಆರ್ಮಿನ್ ಥ್ಯಾಂಕ್ಸ್ ಹೇಳುವುದಿಲ್ಲ. ಈ ಪಾಪದಲ್ಲಿ ನನ್ನ ಪಾಲೂ ಇದೆ, ನರಕದಲ್ಲೂ ನಿನ್ನ ಜೊತೆಗೇ ಇರುತ್ತೇನೆ ಅನ್ನುವ ಅರ್ಥದ ಮಾತಾಡುತ್ತಾನೆ. ಬರೆದವನೇ ಎರಡು ವರ್ಷದ ನಂತರ ತನ್ನ ತಪ್ಪು ತಿದ್ದಿಕೊಳ್ಳುವುದು ಎಷ್ಟು ಕಡೆ ಸಿಗುತ್ತದೆ? ಅದಕ್ಕೆ ನಿಮ್ಮ ಬಾಯಲ್ಲಿ 'ವಿವರಣೆ' ಅಂತ ಹೆಸರು.

ನಿದ್ದೆಗೇಡಿ:
ಮಾತು ಬದಲಾದರೂ ಅದು ಮಾತೇ ಅಲ್ವಾ? ತಿದ್ದಿದ್ದು ಒಳ್ಳೆಯದಾಯಿತು, ಒಪ್ಪಿದೆ. ಆದರೆ ಮಾಂಗಾದ ಕೊನೆಗಿಂತ ವಾಸಿ ಅಂದರೆ ಒಳ್ಳೆಯ ಕೊನೆ ಅಂತಲ್ಲ. ನಾನು ಮಾಂಗಾ ಓದಿಲ್ಲ, ಹೌದು. ಓದದೇ ನೋಡುವವನಿಗೂ ಆ ಕೊನೆ ಒಪ್ಪಿಗೆಯಾಗಬೇಕು ತಾನೆ?

ತುಂಗೆಯ ದಡ:
ನಾನು ಮಗನ ದೆಸೆಯಿಂದ ನೋಡಲು ಶುರು ಮಾಡಿದವನು, ವಯಸ್ಸು ಐವತ್ತು ದಾಟಿದೆ. 'ಕೊನೆಯ ಸೀಸನ್' ಅಂತ ಟೈಟನ್‌ನವರು ಬೋರ್ಡು ಹಾಕಿದ್ದು 2020ರ ಡಿಸೆಂಬರ್‌ನಲ್ಲಿ. ಆಗ ಮಗ ಒಂಬತ್ತನೇ ಕ್ಲಾಸು. ಮುಗಿದಾಗ ಸೆಕೆಂಡ್ ಪಿಯುಸಿ. ನಮ್ಮ ಟೀವಿ ಧಾರಾವಾಹಿಗಳ 'ಅಂತಿಮ ವಾರ'ವೂ ಇಷ್ಟು ಎಳೆದಿರಲಿಕ್ಕಿಲ್ಲ.

ಆದರೆ ನಿದ್ದೆಗೇಡಿಯವರೇ, ನೀವು ಹೆಸರುಗಳು ಓಡುವಾಗ ಎದ್ದು ಹೋಗಿರಬೇಕು. ನನ್ನ ಪಾಲಿಗೆ ಕೊನೆ ಇರುವುದು ಅಲ್ಲಿ. ಮರದ ಕೆಳಗೆ ಏರೆನ್ ಸಮಾಧಿ. ಅವನನ್ನು ಪ್ರೀತಿಸಿದ ಮಿಕಾಸಾ ಬರುತ್ತಾಳೆ, ಸಂಸಾರ ಕಟ್ಟಿಕೊಂಡು ಮತ್ತೆ ಬರುತ್ತಾಳೆ, ಮುದುಕಿಯಾಗುತ್ತಾಳೆ, ಸ್ಕಾರ್ಫ್ ಸುತ್ತಿಕೊಂಡೇ ಮಣ್ಣಾಗುತ್ತಾಳೆ. ಮರ ಬೆಳೆಯುತ್ತದೆ. ಹಿಂದೆ ಊರು ಬೆಳೆಯುತ್ತದೆ. ಆಮೇಲೆ ಬಾಂಬು ಬೀಳುತ್ತದೆ. ಕಾಡು ಹತ್ತಿದ ಹಾಳೂರಿನಲ್ಲಿ ಒಬ್ಬ ಹುಡುಗ ನಾಯಿ ಜೊತೆ ಆ ಮರದ ಹತ್ತಿರ ಬಂದು ನಿಲ್ಲುತ್ತಾನೆ. ಇದರಲ್ಲಿ ಒಂದು ಮಾತೂ ಇಲ್ಲ. ನೀವು ಕೇಳಿದ 'ತೋರಿಸುವುದು' ಇದೇ ಅಲ್ವಾ?

ಬೈಟೂ ಕಾಫಿ:
ಸಾರ್, ದೃಶ್ಯ ಚೆಂದ. ಆದರೆ ಮತ್ತೆ ಬಾಂಬೇ ಬೀಳುವುದಾದರೆ ಇವರೆಲ್ಲ ಹೊಡೆದಾಡಿದ್ದು ಯಾಕೆ? ಅದು ನನಗೆ ಸ್ವಲ್ಪ ಅಗ್ಗ ಅನ್ನಿಸಿತು. ಎಲ್ಲ ವ್ಯರ್ಥ ಅಂದುಬಿಟ್ಟರೆ ದೊಡ್ಡ ಮಾತು ಹೇಳಿದ ಹಾಗೆ ಕಾಣುತ್ತದೆ, ಅಷ್ಟೇ.

ತುಂಗೆಯ ದಡ:
ನಡುವೆ ಮಿಕಾಸಾ ಬದುಕಿದಳಲ್ಲಮ್ಮ, ಒಂದು ಇಡೀ ಆಯುಷ್ಯ. ಅದನ್ನು ಲೆಕ್ಕಕ್ಕೆ ಹಿಡಿಯಬೇಡವೇ? ಕುರುಕ್ಷೇತ್ರ ಮುಗಿದು 36 ವರ್ಷಕ್ಕೆ ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರು. ಹಾಗಂತ ಮಹಾಭಾರತವನ್ನು ಯಾರೂ ಅಗ್ಗ ಅನ್ನಲಿಲ್ಲ.

ಕಡಲಮೀನು:
ಮಹಾಭಾರತದ ಮಾತು ಬಂತು ಅಂತ ನಾನೂ ಬಂದೆ ಮಾರಾಯ್ರೆ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳೆದವ ನಾನು. ಅಭಿಮನ್ಯು ಕಾಳಗ ಪ್ರಸಂಗ ಇಟ್ಟುಕೊಳ್ಳಿ. ಅಭಿಮನ್ಯು ಚಕ್ರವ್ಯೂಹದೊಳಗೆ ಹೋಗುತ್ತಾನೆ, ಸಾಯುತ್ತಾನೆ, ಆಟ ಮುಗಿಯಿತು, ಮಂಗಳ ಹಾಡಿದರು. ಯುದ್ಧ ಯಾರು ಗೆದ್ದರು ಅಂತ ಯಾರಾದರೂ ಭಾಗವತರ ಹತ್ತಿರ ಜಗಳ ಮಾಡಿದ್ದುಂಟಾ? ದೊಡ್ಡ ಕಥೆಯ ಒಂದು ತುಂಡು ತೆಗೆದು, ಆ ತುಂಡಿಗೆ ತಲೆ-ಬಾಲ ಕೊಡುವುದೇ ಪ್ರಸಂಗ. ಸೀಸನ್ ಅಂದರೂ ಅದೇ. ಫ್ರೀರೆನ್ ಚೆನ್ನಾಗಿ ಮುಗಿದದ್ದು ಇದಕ್ಕೇ. ಮಾಂತ್ರಿಕರ ಪರೀಕ್ಷೆಯ ಪ್ರಸಂಗ ಮುಗಿಯಿತು, ಮಂಗಳ ಆಯಿತು. ಜುಜುತ್ಸುದವರು ಮಂಗಳವನ್ನೇ ಹಾಡಲಿಲ್ಲ, ಚಂಡೆ ಬಾರಿಸುತ್ತಿರುವಾಗಲೇ ಕರೆಂಟು ಹೋಯಿತು.

ಓದಿಬಂದವ:
ಹೋಲಿಕೆ ಚೆನ್ನಾಗಿದೆ, ಆದರೆ ಒಂದು ತೊಡಕು. ಅಭಿಮನ್ಯು ಸತ್ತ ಮೇಲೆ ಏನಾಯಿತು ಅಂತ ನಿಮ್ಮ ಪ್ರೇಕ್ಷಕರಿಗೆಲ್ಲ ಮೊದಲೇ ಗೊತ್ತು, ಅದಕ್ಕೇ ಜಗಳ ಇಲ್ಲ. ಇಲ್ಲಿ ನೋಡುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಮಾಂಗಾ ಅಂಗಡಿಗೆ ಹೋಗಲಿ ಅನ್ನುವುದೇ ಉದ್ದೇಶ. ಟೀವಿ ಅನಿಮೆಗೆ ದುಡ್ಡು ಹಾಕುವ ಸಮಿತಿಯಲ್ಲಿ ಎಷ್ಟೋ ಸಲ ಪುಸ್ತಕ ಪ್ರಕಾಶಕರೂ ಇರುತ್ತಾರೆ. ಮೂರು ತಿಂಗಳಿಗೆ 12, 13 ಕಂತು, ಕಥೆ ಎಲ್ಲಿ ಬಂದು ನಿಂತಿದೆಯೋ ಅಲ್ಲಿಗೆ ಪರದೆ. ಹಿಂದೆ ಹಾಗಿರಲಿಲ್ಲ. 2003ರ ಫುಲ್‌ಮೆಟಲ್ ಆಲ್ಕೆಮಿಸ್ಟ್ ಮಾಂಗಾವನ್ನೇ ದಾಟಿ ಹೋಗಿ, ತನ್ನದೇ ಕೊನೆ ಕಟ್ಟಿತು. ಮೂಲ ಕಥೆಯ ದಾರಿಯಲ್ಲೇ ಹೋಗುವ ಸರಣಿ ಬೇಕು ಅಂತ 2009ರಲ್ಲಿ ಮತ್ತೆ ಮೊದಲಿನಿಂದ ಮಾಡಿದರು. ಈಗ ಯಾರೂ ಆ ಧೈರ್ಯ ಮಾಡುವುದಿಲ್ಲ.

ಇನ್ನು ಜುಜುತ್ಸು ಬಗ್ಗೆ. ಕರೆಂಟು ಹೋಗಿಲ್ಲ ಸ್ವಾಮಿ. ಕಥಾನಾಯಕ ಇತಾದೋರಿಯ ಗುರು ಗೋಜೋ ಪೆಟ್ಟಿಗೆಯೊಳಗೆ ಸಿಕ್ಕಿಬೀಳುವ ಕಂತಿನ ಹೆಸರು 'ಬಾಗಿಲು, ತೆರೆ'. ಕೊನೆಯ ಕಂತಿನ ಹೆಸರು 'ಬಾಗಿಲು, ಮುಚ್ಚು'. ಟೋಕಿಯೋದ ಶಿಬುಯಾದಲ್ಲಿ ನಡೆಯುವ ಆ ಒಂದು ರಾತ್ರಿಗೆ ಎರಡು ತುದಿ ಕಟ್ಟಿದ್ದಾರೆ.

ಬೈಟೂ ಕಾಫಿ:
ಹೆಸರಿಟ್ಟ ಮಾತ್ರಕ್ಕೆ ಬಾಗಿಲು ಮುಚ್ಚುತ್ತದಾ? ಗೋಜೋ ಇನ್ನೂ ಪೆಟ್ಟಿಗೆಯಲ್ಲೇ ಇದ್ದಾನೆ. ಗೆತೋ ಅನ್ನುವವನ ವೇಷ ಹಾಕಿದ ಖಳನಾಯಕ ಹೊಸ ಆಟ ಶುರು ಮಾಡಿ ಹೊರಟ. ಕೊನೆಯ ನಿಮಿಷದಲ್ಲಿ ಯೂತಾ ಬಂದು ಇತಾದೋರಿಯನ್ನು ಕೊಲ್ಲುವುದು ನಾನೇ ಅಂದ. ಇದು ಬಾಗಿಲು ಮುಚ್ಚಿದ್ದಲ್ಲ, ಮುಂದಿನ ಮನೆಯ ಬೆಲ್ ಒತ್ತಿ ಓಡಿಹೋಗಿದ್ದು.

'ದುಡ್ಡಿನ ಸಮಿತಿ, ಅದಕ್ಕೇ ಹೀಗೆ' ಅನ್ನುವುದೂ ಪೂರ್ತಿ ಸರಿಯಲ್ಲ. ಅಪೋಥೆಕರಿ ಡೈರೀಸ್ ಕೂಡ ಮುಂದುವರಿಯುತ್ತಿರುವ ಕಾದಂಬರಿಯಿಂದ ಬಂದದ್ದೇ. ಎರಡನೇ ಸೀಸನ್ ಬರುತ್ತದೆ ಅಂತ ಮೊದಲನೆಯದು ಮುಗಿದಾಗಲೇ ಹೇಳಿಯೂ ಆಗಿತ್ತು. ಆದರೂ ಕೊನೆಯ ಎರಡು ಕಂತು ನೋಡಿ. ಅಲ್ಲಲ್ಲಿ ಬಿಡಿಬಿಡಿಯಾಗಿ ಕಂಡ ಎಳೆಗಳು, ಹಳೆಯ ವೇಶ್ಯಾವಾಟಿಕೆಯ ಕಾಯಿಲೆಯ ಹೆಂಗಸು, ಕಣ್ಣಿಗೆ ಒಂಟಿ ಕನ್ನಡಕ ಹಾಕಿದ ಆ ಲಕಾನ್, ಎಲ್ಲ ಒಂದು ಮನೆತನದ ಕಥೆಯಾಗಿ ಸೇರಿಕೊಳ್ಳುತ್ತವೆ. ಲಕಾನ್ ತನ್ನ ಮಗಳು, ಕಥಾನಾಯಕಿ ಮಾವ್‌ಮಾವ್ ಜೊತೆ ಪಗಡೆಯಂಥ ಒಂದು ಆಟ ಆಡಿ ಸೋಲುತ್ತಾನೆ. ಬಾಜಿ ಪ್ರಕಾರ ಒಬ್ಬ ವೇಶ್ಯೆಯನ್ನು ಬಿಡಿಸಿಕೊಳ್ಳಬೇಕು. ಎಲ್ಲರೂ ಮುಖ ತಿರುಗಿಸಿದ, ಬುದ್ಧಿ ಕೆಟ್ಟು ಮಲಗಿದ್ದ ಆ ಕಾಯಿಲೆಯ ಹೆಂಗಸು, ಮಗಳ ತಾಯಿ ಫೆಂಗ್‌ಶಿಯನ್‌ಳನ್ನೇ ಆರಿಸಿಕೊಳ್ಳುತ್ತಾನೆ. ಅತ್ತ ಮಾವ್‌ಮಾವ್, ಅಪ್ಪ ಅಂತ ಅವನನ್ನು ಒಪ್ಪದವಳು, ಅರಮನೆಯ ಗೋಡೆ ಹತ್ತಿ ಒಬ್ಬಳೇ ಕುಣಿಯುತ್ತಾಳೆ. ವೇಶ್ಯೆಯೊಬ್ಬಳು ಬಿಡುಗಡೆಯಾಗಿ ಹೋಗುವಾಗ ಕುಣಿದು ಕಳಿಸಿಕೊಡುವ ಪದ್ಧತಿ ಅದು. ಕ್ಷಮೆ ಇಲ್ಲ, ಅಪ್ಪುಗೆ ಇಲ್ಲ. ಕುಣಿತ ಮಾತ್ರ. ಕಾಲಿನ ಗಾಯ ಬಿಚ್ಚಿಕೊಂಡು ರಕ್ತ ಬರುವುದೂ ಅವಳಿಗೆ ಗೊತ್ತಾಗುವುದಿಲ್ಲ. ನಿದ್ದೆಗೇಡಿ, ನೀನು ಇದಕ್ಕೆ ಕೊಟ್ಟದ್ದು ಎರಡು ಪದ. 'ಚೆನ್ನಾಗಿ ಮುಗಿಯಿತು'. ನಾಚಿಕೆ ಆಗಬೇಕು ಗುರು.

ಕಡಲಮೀನು:
ಪಗಡೆ ಅಲ್ಲ, ಚೈನಾದ ಚದುರಂಗ ಅದು. ದಾಳ ಎಲ್ಲಿ ಹಾಕಿದರು?

ಬೈಟೂ ಕಾಫಿ:
ಸರಿ, ಚದುರಂಗ. ಉಳಿದದ್ದಕ್ಕೆ ಉತ್ತರ ಕೊಡಿ.

ನಿದ್ದೆಗೇಡಿ:
ನಾಚಿಕೆ ಆಯಿತು. ಮಾರ್ಚ್ ಕೊನೆಗೆ ಎರಡೂ ಒಂದೇ ವಾರದಲ್ಲಿ ಮುಗಿದವು. ಮೊದಲು ಫ್ರೀರೆನ್ ನೋಡಿದೆ, ಅದರ ಗುಂಗಿನಲ್ಲೇ ಇದನ್ನು ನೋಡಿದ್ದು. ಮತ್ತೊಮ್ಮೆ ನೋಡುತ್ತೇನೆ.

ಓದಿಬಂದವ:
ಫ್ರೀರೆನ್ ಗುಂಗು ಎಲ್ಲರಿಗೂ ಇದೆ. ನನಗೆ ಹತ್ತಲಿಲ್ಲ. ಮೊದಲ ನಾಲ್ಕು ಕಂತು ಚಿನ್ನ. ಫ್ರೀರೆನ್ ಮತ್ತು ಜೊತೆಗಾರರು ರಾಕ್ಷಸರಾಜನನ್ನು ಕೊಂದು ಬಂದ ಮೇಲೆ ಕಥೆ ಶುರುವಾಗುತ್ತದೆ. 50 ವರ್ಷದ ನಂತರ ಮತ್ತೆ ಸೇರಿ ಉಲ್ಕೆ ನೋಡುತ್ತಾರೆ, ಜೊತೆಗಾರ ಹಿಮ್ಮೆಲ್ ಸಾಯುತ್ತಾನೆ. ಹತ್ತು ವರ್ಷ ಜೊತೆಗಿದ್ದರೂ ಇವನನ್ನು ತಿಳಿದುಕೊಳ್ಳಲಿಲ್ಲವಲ್ಲ ಅಂತ ಫ್ರೀರೆನ್ ಅಳುತ್ತಾಳೆ. ಅಂಥ ಕಥೆಯನ್ನು 18ನೇ ಕಂತಿನಿಂದ ಪರೀಕ್ಷೆ, ಹೊಡೆದಾಟ ಅಂತ ಮಾಮೂಲಿ ದಾರಿಗೆ ತಂದರು. ಕೊನೆಗೆ ಅಷ್ಟು ದೊಡ್ಡ ಪರೀಕ್ಷೆಯ ಫಲ ಏನು? ಹಿರಿಯ ಮಾಂತ್ರಿಕೆ ಸೆರಿ ಕೂತು ಒಬ್ಬೊಬ್ಬರನ್ನೇ ನೋಡಿ ಪಾಸು, ಫೇಲು ಅಂದಳು.

ಬೈಟೂ ಕಾಫಿ:
ಅದೇ ಮಜಾ ಅಲ್ವಾ! ಸಾವಿರ ವರ್ಷ ದಾಟಿದ ಮಾಂತ್ರಿಕೆ ಫ್ರೀರೆನ್ ಫೇಲು, ಶಿಷ್ಯೆ ಫರ್ನ್ ಪಾಸು. ಹೂವಿನ ತೋಟ ಅರಳಿಸುವ ಮಂತ್ರ ನನಗಿಷ್ಟ ಅನ್ನುವವಳು ಸೆರಿಗೆ ಸರಿಹೋಗಲಿಲ್ಲ.

ನಮ್ಮಮ್ಮನಿಗೆ ಸಬ್‌ಟೈಟಲ್ ಓದಲು ಆಗುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. (ಸೋಲೋ ಲೆವೆಲಿಂಗ್ ಅನ್ನುವ ಅನಿಮೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ನಮಗೆ ಮಾತ್ರ ನಾನೇ ಡಬ್ಬಿಂಗ್ ಕಲಾವಿದೆ.) ಪಾಸಾದವರಿಗೆ ಸೆರಿ ಯಾವ ಮಂತ್ರ ಬೇಕಾದರೂ ಕೊಡುತ್ತಾಳೆ. ಫರ್ನ್ ಕೇಳುವುದು ಬಟ್ಟೆಯ ಕೊಳೆ ತೆಗೆಯುವ ಮಂತ್ರ. ನಾನು ನಕ್ಕೆ. ಅಮ್ಮ ನಗಲಿಲ್ಲ. "ಜಾಣೆ" ಅಂದರು. "ದಾರಿಯುದ್ದಕ್ಕೂ ಆ ಇಬ್ಬರ ಬಟ್ಟೆ ಒಗೆದವಳು ಅವಳೇ ತಾನೆ?"

ಗುರುವಿನ ಹಾಗೇ ಆಗಿದ್ದಾಳೆ ಅಂತ ಒಂದು ಮಾತೂ ಆಡದೆ ತೋರಿಸಿದರು. ಇದು ನಿಮಗೆ ಮಾಮೂಲಿ ದಾರಿ.

ತುಂಗೆಯ ದಡ:
ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ.

ಆ ಕೊನೆಯ ಬೀಳ್ಕೊಡುಗೆಯೂ ನನಗೆ ಹಿಡಿಸಿತು. ಅಷ್ಟು ದಿನ ಜೊತೆಗಿದ್ದವರನ್ನು ಫ್ರೀರೆನ್ ಬರುತ್ತೇನೆ ಅನ್ನುವಷ್ಟರಲ್ಲೇ ಬಿಟ್ಟು ಹೊರಡುತ್ತಾಳೆ. ಕಣ್ಣೀರು ಹಾಕಿ ಬೀಳ್ಕೊಂಡರೆ ಮತ್ತೆ ಸಿಕ್ಕಾಗ ಮುಜುಗರ ಅಂತ ಹಿಮ್ಮೆಲ್ ಹಿಂದೆ ಹೇಳಿದ್ದನಲ್ಲ. ನಾವೂ ಮನೆಯಿಂದ ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತೇವೆ. ಆ ಕಂತಿಗೆ ಕನ್ನಡದಲ್ಲಿ ಒಂದೇ ಪದ ಸಾಕಿತ್ತು.

ಓದಿಬಂದವ:
ಸರಿ, ಬಟ್ಟೆ ಮಂತ್ರದ ವಿಷಯಕ್ಕೆ ಸೋತೆ. ಪರೀಕ್ಷೆ ಉದ್ದ ಜಾಸ್ತಿಯಾಯಿತು ಅನ್ನುವುದು ಹಾಗೇ ಇರಲಿ.

ಪ್ಲೂಟೋ ಹೆಸರು ಯಾರೂ ಎತ್ತಲಿಲ್ಲವಲ್ಲ? ಅಕ್ಟೋಬರ್ 26ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು. ಎಂಟು ಸಂಪುಟದ ಮಾಂಗಾ, ಎಂಟು ಕಂತು, ಒಂದೊಂದೂ ಹೆಚ್ಚುಕಡಿಮೆ ಗಂಟೆ. ತೆಜುಕಾ ಅವರ ಆಸ್ಟ್ರೋ ಬಾಯ್‌ನ ಒಂದು ಕಥೆಯನ್ನು ಉರಾಸಾವಾ ಮತ್ತೆ ಬರೆದದ್ದು. ಮಧ್ಯ ಏಷ್ಯಾದ ಯುದ್ಧ, ಸಿಗದ ಮಾರಕಾಸ್ತ್ರ, ಅಲ್ಲಿಂದ ಹುಟ್ಟಿದ ದ್ವೇಷ. ಮುಗಿಯಬೇಕಾದ ಕಡೆ ಮುಗಿಯಿತು. ಇಲ್ಲಿ ಹೆಸರೆತ್ತಿದ ಆ ಸೀಸನ್ನಿನವುಗಳಲ್ಲಿ ಟೈಟನ್ ಬಿಟ್ಟರೆ ಪೂರ್ತಿ ಮುಕ್ತಾಯ ಇರುವುದು ಇದಕ್ಕೊಂದಕ್ಕೇ.

ನಿದ್ದೆಗೇಡಿ:
ನೋಡಿದ್ದೇನೆ. ಒಂದೇ ದಿನ ಎಂಟೂ ಕಂತು ಬಿಟ್ಟರು, ಒಂದೇ ರಾತ್ರಿ ನೋಡಿದೆ. ಹೆಸರು ಸುಮ್ನೆ ಇಟ್ಟುಕೊಂಡಿಲ್ಲ. ನಿಜ ಹೇಳಲಾ? ನೆನಪಿರುವುದು ಕೊನೆಯಲ್ಲ, ಮೊದಲ ಕಂತು. ಕುರುಡ ಸಂಗೀತಗಾರ, ಅವನ ಹತ್ತಿರ ಪಿಯಾನೋ ಕಲಿಯಲು ಆಸೆಪಡುವ ಯುದ್ಧದ ರೋಬೋ. ಕೊನೆಯಲ್ಲಿ ರೋಬೋ ಹುಡುಗ ಆಟಮ್ ದ್ವೇಷ ಬಿಡುವುದು ಸರಿಯಾದ ಮುಕ್ತಾಯವೇ. ಆದರೆ ವಾರಗಟ್ಟಲೆ ಕಾದಿದ್ದರೆ ಮನಸ್ಸಿನಲ್ಲಿ ಇನ್ನೂ ಕೂರುತ್ತಿತ್ತೇನೋ. ಫ್ರೀರೆನ್ ಮೊದಲ ನಾಲ್ಕು ಕಂತನ್ನು ಒಂದೇ ಸಂಜೆ ತೋರಿಸಿ, ಆಮೇಲೆ ಆರು ತಿಂಗಳು ಶುಕ್ರವಾರ ಶುಕ್ರವಾರ ಕಾಯಿಸಿದರು. ಆ ಕಾಯುವಿಕೆಯೂ ಕೊನೆಗೆ ಸೇರಿಕೊಂಡಿತು ನನಗೆ.

ಕಡಲಮೀನು:
ಜುಜುತ್ಸುಗೆ ಒಂದು ರಿಯಾಯಿತಿ ಕೊಡಬೇಕು. ಅದನ್ನೂ ಟೈಟನ್ ಕೊನೆಯನ್ನೂ ಮಾಡಿದ್ದು ಒಂದೇ ಸ್ಟುಡಿಯೋ, ಮಪ್ಪಾ. ಅದೂ ಒಂದೇ ಹೊತ್ತಿಗೆ. ಚಿತ್ರ ಬಿಡಿಸುವವರೇ ಜಾಲತಾಣದಲ್ಲಿ ವೇಳಾಪಟ್ಟಿ ಬಗ್ಗೆ ಬಹಿರಂಗವಾಗಿ ಅಳಲು ತೋಡಿಕೊಂಡಿದ್ದರು. ಅಂಥದ್ದರಲ್ಲಿ ಇಷ್ಟು ಮಾಡಿದರು ಅಂದರೆ ಕೈ ಮುಗಿಯಬೇಕು.

ಬೈಟೂ ಕಾಫಿ:
ಚಿತ್ರ ಬಿಡಿಸಿದವರಿಗೆ ಕೈ ಮುಗಿಯುತ್ತೇನೆ. ವೇಳಾಪಟ್ಟಿ ಹಾಕಿದವರಿಗೆ ಅಲ್ಲ.

ತುಂಗೆಯ ದಡ:
ನನಗಂತೂ ಜುಜುತ್ಸುವಿನ ಆ ಸೀಸನ್ ಮುಗಿದದ್ದು 18ನೇ ಕಂತಿನಲ್ಲಿ. ಅರ್ಧ ಮೈ ಸುಟ್ಟ ನನಾಮಿ, ಇತಾದೋರಿಗೆ ಹಿರಿಯನಂತಿದ್ದವನು, ಮಲೇಷ್ಯಾದ ಸಮುದ್ರತೀರ ನೆನೆಸಿಕೊಳ್ಳುತ್ತಾ ನಡೆಯುತ್ತಾನೆ. ಅಲ್ಲೊಂದು ಮನೆ ಕಟ್ಟಿ, ಓದದೇ ಇಟ್ಟ ಪುಸ್ತಕಗಳನ್ನೆಲ್ಲ ಓದಬೇಕು ಅಂತ. ಇನ್ನು ನೀನು ನೋಡಿಕೋ ಅಂತ ಇತಾದೋರಿಗೆ ಹೇಳಿ ಹೋಗುತ್ತಾನೆ. ಸಂಬಳಕ್ಕೆ ದುಡಿದ ಯಾರಿಗಾದರೂ ಆ ಸಮುದ್ರತೀರ ಅರ್ಥವಾಗುತ್ತದೆ. ಕಡಲಮೀನು ಅವರೇ, ನಿಮ್ಮ ಅಭಿಮನ್ಯು ಅಲ್ಲಿದ್ದಾನೆ. ಮಂಗಳ ಅಲ್ಲೇ ಹಾಡಬೇಕಿತ್ತು.

ಕಡಲಮೀನು:
ಹೌದು ಮಾರಾಯ್ರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೊಸಬ:
ನಮಸ್ಕಾರ ಎಲ್ಲರಿಗೂ. ಮೇಲಿನ ಕಾಮೆಂಟ್ ಯಾವುದನ್ನೂ ಓದಿಲ್ಲ, ಜಾಸ್ತಿ ಇವೆ. ಜುಜುತ್ಸು ಎರಡನೇ ಸೀಸನ್ 12ನೇ ಕಂತಿನಲ್ಲಿದ್ದೇನೆ. ಆ ಕನ್ನಡಕದ ನನಾಮಿ ನನಗೆ ತುಂಬಾ ಇಷ್ಟವಾಗಿಬಿಟ್ಟರು. ಕೊನೆಯವರೆಗೂ ಇರುತ್ತಾರೆ ಅಲ್ವಾ?

ಬೈಟೂ ಕಾಫಿ:
ದಯವಿಟ್ಟು ಮೇಲಕ್ಕೆ ಹೋಗಬೇಡಿ.

ತುಂಗೆಯ ದಡ:
ನಿಧಾನಕ್ಕೆ ನೋಡಪ್ಪ. ಅವಸರ ಏನೂ ಇಲ್ಲ.