ಕ್ರಾಸ್ ಪಟ್ಟಿ ಮೂರೂವರೆ ಇಂಚು ಸಾಲಲಿಲ್ಲ, ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ, ದಾವಣಗೆರೆಯಿಂದ

ಅಕ್ಕನ ಮಗುವಿಗೆ ಅಂತ ಅಮ್ಮನ ಹಳೇ ಕಾಟನ್ ಸೀರೆಗಳಲ್ಲಿ ಕೌದಿ ಹೊಲಿದಿದ್ದೇನೆ. ಮೂಲೆಗಳನ್ನು ತಟ್ಟೆ ಇಟ್ಟು ಗುಂಡಗೆ ಕತ್ತರಿಸಿದೆ. ಅಂಚಿನ ಸುತ್ತ ಟೇಪ್ ಹಿಡಿದರೆ 162 ಇಂಚು. ಮಂಡಿಪೇಟೆಯಿಂದ 44 ಇಂಚು ಅಗಲದ ಕೆಂಪು ಕಾಟನ್ ಅರ್ಧ ಮೀಟರ್ ತಂದು, ಅಂಚಿಗೆ ಹೊಲಿಯಲು 2 ಇಂಚು ಅಗಲದ, 27 ಇಂಚು ಉದ್ದದ ಆರು ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿ ಬರುವ ಪಟ್ಟಿ, ಕತ್ತರಿಸಿದೆ. ಒಟ್ಟು 162, ಸರಿಹೋಗಬೇಕಿತ್ತು ಅಲ್ವಾ? ಹೊಲಿದು ಸುತ್ತು ಬಂದರೆ ಎರಡು ತುದಿಗಳ ನಡುವೆ ಮೂರೂವರೆ ಇಂಚು ಬರೀ ಅಂಚು ಉಳಿದಿದೆ. ನಾಡಿದ್ದು ತೊಟ್ಟಿಲ ಶಾಸ್ತ್ರ. ಏನು ಮಾಡಲಿ?

ಉತ್ತರ, ಚಿತ್ರದುರ್ಗದಿಂದ

ನಿಮ್ಮ ಅಳತೆ ಸರಿಯಾಗೇ ಇದೆ. ಪಟ್ಟಿಯನ್ನು ತಿಂದಿದ್ದು ಜೋಡಣೆ. ಓರೆ ತುದಿಗಳನ್ನು ಕಾಲು ಇಂಚು ಬಿಟ್ಟು ಹೊಲಿದರೆ ಪ್ರತಿ ಜೋಡಣೆಗೆ ಉದ್ದದಲ್ಲಿ 0.7 ಇಂಚು ಹೋಗುತ್ತದೆ. ಆರು ಪಟ್ಟಿಗೆ ಐದು ಜೋಡಣೆ. ಐದಕ್ಕೆ ಮೂರೂವರೆ ಇಂಚು. ನಿಮಗೆ ಸಾಲದೇ ಬಂದಿದ್ದೂ ಅಷ್ಟೇ ನೋಡಿ! ಸಾಲದ್ದಕ್ಕೆ ಎರಡು ತುದಿ ಸೇರಿಸಲು ಒಂದರ ಮೇಲೊಂದು ಇನ್ನೂ ಎರಡೂವರೆ, ಮೂರು ಇಂಚು ಬೇಕು. ಅದಕ್ಕೇ ನಾನು ಸುತ್ತಳತೆಗೆ ಯಾವಾಗಲೂ 12 ಇಂಚು ಜಾಸ್ತಿ ಹಿಡಿಯುತ್ತೇನೆ. ನಿಮಗೆ 174 ಇಂಚು ಬೇಕಿತ್ತು, ಅಂದರೆ ಏಳು ಪಟ್ಟಿ.

ಉಳಿದ ಕೆಂಪು ಬಟ್ಟೆ ಎಸೆದಿಲ್ಲ ತಾನೆ? ಏಳನೇ ಪಟ್ಟಿ ಅದರಲ್ಲೇ ಸಿಗುತ್ತದೆ. 2 ಇಂಚಿನ ಓರೆ ಪಟ್ಟಿ ಬಟ್ಟೆಯ ಅಗಲದಲ್ಲಿ 2.8 ಇಂಚು ಹಿಡಿಯುತ್ತದೆ. ಏಳಕ್ಕೆ ಸುಮಾರು 20 ಇಂಚು. ಅರ್ಧ ಮೀಟರ್ ಅಂದರೆ ಸುಮಾರು 20 ಇಂಚು, ಹಾಗಾಗಿ ಓರೆಗೆ ಹೋಗುವ ಮೂಲೆ ಇನ್ನೊಂದು 20. ಒಟ್ಟು 40, ನಿಮ್ಮ ಹತ್ತಿರ 44 ಇದೆ.

ಸುಮ್ನೆ ನಾಲ್ಕು ಇಂಚಿನ ಚೂರು ಮಾತ್ರ ತುಂಬಬೇಡಿ. ಎರಡು ಜೋಡಣೆ ಪಕ್ಕಪಕ್ಕ ಬಂದು ಮಡಿಸಿದಾಗ ಗಂಟು ಕಟ್ಟಿದ ಹಾಗೆ ದಪ್ಪ ಆಗುತ್ತದೆ, ಮಗುವಿನ ಕೆನ್ನೆಗೆ ಒತ್ತುತ್ತದೆ. ಒಂದು ಕಡೆಯಿಂದ ಹತ್ತು ಇಂಚು ಹೊಲಿಗೆ ಬಿಚ್ಚಿ, ಆ ಪಟ್ಟಿ ಕತ್ತರಿಸಿ, ಉದ್ದನೆಯ ತುಂಡು ಸೇರಿಸಿ. ಜೋಡಣೆ ನೇರ ಅಂಚಿನಲ್ಲೇ ಬರಲಿ, ಗುಂಡು ಮೂಲೆಯಲ್ಲಿ ಬೇಡ. ಸಾಲಲಿ ಅಂತ ಎಳೆದು ಮಾತ್ರ ಹೊಲಿಯಬೇಡಿ. ಕ್ರಾಸ್ ಬಟ್ಟೆ ಎಳೆದಷ್ಟೂ ಬರುತ್ತದೆ, ಆಮೇಲೆ ಕೌದಿಯ ಮೂಲೆ ಬಟ್ಟಲ ಹಾಗೆ ಒಳಗೆ ಮಡಚಿಕೊಳ್ಳುತ್ತದೆ.

ಇನ್ನೊಬ್ಬರು, ದಾವಣಗೆರೆಯಿಂದ

ಮುಂದಿನ ಸಲ ಚೌಕ ಬಟ್ಟೆಯಲ್ಲಿ ಕತ್ತರಿಸುವುದಾದರೆ ಬೇಕಾದ ಉದ್ದವನ್ನು ಪಟ್ಟಿಯ ಅಗಲದಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 174 ಇಂಟು 2 ಅಂದರೆ 348. ವರ್ಗಮೂಲ 18.7. ಜೋಡಣೆಗೆ ಸೇರಿಸಿ 20 ಇಂಚಿನ ಚೌಕ ತಗೊಳ್ಳಿ. ಮೂಲೆ ಗುಂಡಗಿಲ್ಲದ ಕೌದಿಗೆ ಕ್ರಾಸ್ ಬೇಕಾಗಿಲ್ಲ, ನೇರ ಪಟ್ಟಿಯೇ ಸಾಕು. ಬಟ್ಟೆಯೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಉಳಿದ ಬಟ್ಟೆ ಹೊಲಿಗೆ ಮಿಷನ್ ಡ್ರಾಯರ್‌ನಲ್ಲೇ ಇತ್ತು! ಏಳನೇ ಪಟ್ಟಿ ಸಿಕ್ಕಿತು. ಹತ್ತು ಇಂಚು ಬಿಚ್ಚಿ ಸೇರಿಸಿದೆ. ಜೋಡಣೆಗಳ ಮೇಲೆ ಬೆರಳಾಡಿಸಿದರೂ ಗೊತ್ತಾಗುತ್ತಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಳಬದಿಯ ಕೈಹೊಲಿಗೆ ಇವತ್ತು ರಾತ್ರಿ ಮುಗಿಸುತ್ತೇನೆ.