ಸೆಲೆನೈಟ್ ಕೆಂಪಾಗುತ್ತದೆ, ಸೆಲೆನೇಟ್ ಯಾಕೆ ಸುಮ್ನಿರುತ್ತದೆ?

ಕಾಳಿ_ದಂಡೆ (ಕಾರವಾರ)
ಎಂ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಇದೊಂದು ತಲೆ ತಿನ್ನುತ್ತಿದೆ. ಸೋಡಿಯಂ ಸೆಲೆನೈಟ್ (ಸೆಲೆನಿಯಂ ಧಾತುವಿನ ಒಂದು ಲವಣ) ದ್ರಾವಣಕ್ಕೆ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ, ಎಲೆಕ್ಟ್ರಾನ್ ಕೊಡುತ್ತದೆ) ಹಾಕಿದರೆ ಮೊದಲು ಕಿತ್ತಳೆ, ಆಮೇಲೆ ಇಟ್ಟಿಗೆ ಕೆಂಪು. ಅದು ಸೆಲೆನಿಯಂ ಅಂತ ಗೊತ್ತು. ಅದೇ ಸೋಡಿಯಂ ಸೆಲೆನೇಟ್‌ಗೆ (ಅದೂ ಸೆಲೆನಿಯಂ ಲವಣವೇ, ಆಕ್ಸಿಜನ್ ಒಂದು ಜಾಸ್ತಿ) ಹಾಕಿದರೆ ಏನೂ ಇಲ್ಲ, ತಿಳಿ ನೀರು. ಪುಸ್ತಕ ನೋಡಿದರೆ ಸೆಲೆನೇಟೇ ಬಲವಾದ ಆಕ್ಸಿಡೈಸರ್ (ಎಲೆಕ್ಟ್ರಾನ್ ಕಿತ್ತುಕೊಳ್ಳುವಂಥದ್ದು), ಆಮ್ಲದಲ್ಲಿ 1.15 ವೋಲ್ಟ್, ಸೆಲೆನಸ್ ಆಮ್ಲಕ್ಕೆ (ಆಮ್ಲದಲ್ಲಿ ಸೆಲೆನೈಟ್‌ನ ರೂಪ) 0.74 ಅಷ್ಟೇ. ಸೆಲೆನೇಟೇ ಮೊದಲು ಕೆಂಪಾಗಬೇಕಿತ್ತು ಅಲ್ವಾ?

ಹಳೇ_ಬ್ಯೂರೆಟ್
ವೋಲ್ಟ್ ನೋಡಿದರೆ ಕ್ರಿಯೆ ನಡೆಯಬಹುದಾ ಅನ್ನೋದು ಗೊತ್ತಾಗುತ್ತದೆ, ಎಷ್ಟು ಬೇಗ ಅನ್ನೋದಲ್ಲ. ಆಕಾರ ನೋಡಿ. ಸೆಲೆನೈಟ್‌ನಲ್ಲಿ ಸೆಲೆನಿಯಂ ಸುತ್ತ ಮೂರೇ ಆಕ್ಸಿಜನ್, ಇನ್ನೊಂದು ಕಡೆ ಒಂಟಿ ಎಲೆಕ್ಟ್ರಾನ್ ಜೋಡಿ, ಹೊರಗಿನವರು ಬಂದು ಸೇರೋಕೆ ಜಾಗ ಇದೆ. ಸೆಲೆನೇಟ್‌ನಲ್ಲಿ ನಾಲ್ಕು ಆಕ್ಸಿಜನ್ ನಾಲ್ಕೂ ಕಡೆಯಿಂದ ಮುತ್ತಿಕೊಂಡಿವೆ, ಒಂದನ್ನು ಕೀಳೋದೇ ಕಷ್ಟ. ಬೇಕಿದ್ದರೆ ಅದನ್ನು ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ (ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ, ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ). ಸೆಲೆನೇಟ್ ಇಳಿದು ಸೆಲೆನೈಟ್ ರೂಪಕ್ಕೆ ಬರುತ್ತದೆ. ತಣ್ಣಗಾದ ಮೇಲೆ ಆಸ್ಕಾರ್ಬಿಕ್ ಹಾಕಿ, ಕೆಂಪಾಗುತ್ತದೆ.

ಶಿರಸಿ_ತೋಟ
ನಾನು ಕೆಮಿಸ್ಟ್ರಿಯವನಲ್ಲ, ಅಡಿಕೆ ತೋಟ, ನಾಲ್ಕು ದನ. ದನದ ಮಿನರಲ್ ಮಿಕ್ಸ್ಚರ್ ಚೀಲದ ಮೇಲೆ ಸೋಡಿಯಂ ಸೆಲೆನೈಟ್ ಅಂತ ಇದೆ. ಫಿನ್ಲೆಂಡಿನಲ್ಲಿ 1984ರಿಂದ ಗೊಬ್ಬರಕ್ಕೆ ಸೇರಿಸೋದು ಸೆಲೆನೇಟ್ ಅಂತೆ. ಒಬ್ಬೊಬ್ಬರದು ಒಂದೊಂದು ಯಾಕೆ?

ಹಳೇ_ಬ್ಯೂರೆಟ್
ಒಳ್ಳೇ ಪ್ರಶ್ನೆ ರಾಯರೇ. ಕಬ್ಬಿಣದ ಆಕ್ಸೈಡ್ ಸೆಲೆನೈಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮತ್ತೆ ಬೇರಿಗೆ ಸಿಗೋದು ಕಮ್ಮಿ. ನಮ್ಮ ಚಿರೇಕಲ್ಲಿನ ಕೆಂಪು ಮಣ್ಣಿನ ತುಂಬ ಅದೇ ಅಲ್ವಾ? ಸೆಲೆನೇಟ್ ಹಾಗಲ್ಲ, ಸಲ್ಫೇಟ್‌ನ ತಮ್ಮನಂತೆ ನೀರಿನ ಜೊತೆ ಓಡಾಡುತ್ತದೆ, ಬೇರು ಸಲ್ಫೇಟ್ ಹೀರುವ ದಾರಿಯಲ್ಲೇ ಇದನ್ನೂ ಹೀರುತ್ತದೆ. ಘಟ್ಟದ ಮಳೆಗೆ ಕೊಚ್ಚಿಕೊಂಡು ಹೋಗೋದೂ ಇದೇ ಮೊದಲು. ದನಕ್ಕೆ ಮಣ್ಣಿನ ರಗಳೆ ಇಲ್ಲ, ಸೆಲೆನೈಟ್ ನಡೆಯುತ್ತದೆ. ಆದರೆ ಚೀಲದ ಮೇಲೆ ಬರೆದ ಪ್ರಮಾಣ ಮೀರಬೇಡಿ, ತೋಟಕ್ಕಂತೂ ಸುಮ್ನೆ ಹಾಕಬೇಡಿ. ಪಂಜಾಬಿನ ನವಾಂಶಹರ್ ಕಡೆ ಮಣ್ಣಲ್ಲೇ ಸೆಲೆನಿಯಂ ಜಾಸ್ತಿಯಾಗಿ ದನಗಳ ಗೊರಸು ಒಡೆದಿದ್ದುಂಟು.

ಕಾಳಿ_ದಂಡೆ (ಕಾರವಾರ)
ಅರ್ಥ ಆಯ್ತು ಸರ್. ಹೈಡ್ರೋಕ್ಲೋರಿಕ್ ಬದಲು ಸಲ್ಫ್ಯೂರಿಕ್ ಹಾಕಿ ಕಾಯಿಸಬಹುದಾ? ಲ್ಯಾಬಲ್ಲಿ ಅದೇ ಜಾಸ್ತಿ ಇದೆ.

ಹಳೇ_ಬ್ಯೂರೆಟ್
ಆಗಲ್ಲ ಕಣಮ್ಮ. ಇಲ್ಲಿ ಎಲೆಕ್ಟ್ರಾನ್ ಕೊಡೋದೇ ಕ್ಲೋರೈಡ್, ಬರೀ ಆಮ್ಲ ಇದ್ದರೆ ಸಾಲದು. ಒಣಗುವವರೆಗೂ ಕುದಿಸಬೇಡ, ಸೆಲೆನಿಯಂ ಕ್ಲೋರೈಡ್ ರೂಪದಲ್ಲಿ ಹಾರಿಹೋಗುತ್ತದೆ.